ಹಾಸ್ಪೈಸ್ ಸೇರಿಸುವ ಮುನ್ನ ಕೇಳಬೇಕಾದದ್ದು

ಗುಣವಾಗುವ ಹಂತ ದಾಟಿದ ರೋಗಿಯನ್ನು ನೋವು, ಏದುಸಿರು, ವಾಂತಿ, ಹುಣ್ಣು, ಹೆದರಿಕೆಗಳಿಂದ ಕಾಪಾಡುವ ವ್ಯವಸ್ಥೆಗೆ ಹಾಸ್ಪೈಸ್ ಎನ್ನುತ್ತಾರೆ. ರೋಗವನ್ನು ಓಡಿಸುವುದು ಅದರ ಕೆಲಸವಲ್ಲ, ರೋಗಿಯನ್ನು ಬೇಗ ಕಳಿಸಿಕೊಡುವುದೂ ಅಲ್ಲ. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆಯೂ ಆದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನೋವು ಕೆರಳುವ ತನಕ ಕಾಯಬಾರದು, ಹೊತ್ತು ಹೊತ್ತಿಗೆ ಔಷಧಿ ಕೊಟ್ಟು ಅದು ತಲೆಯೆತ್ತದಂತೆ ನೋಡಿಕೊಳ್ಳಬೇಕು ಎಂಬುದು ಅವರು ಪಟ್ಟುಹಿಡಿದು ಕಲಿಸಿದ ಪಾಠ. ಭಾರತದಲ್ಲಿ ಈ ಕೆಲಸ 1986ರಲ್ಲಿ ಮುಂಬೈಯ ಶಾಂತಿ ಆವೇದನಾದಿಂದ ಶುರುವಾಯಿತು. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ. ಮಾರತ್ತಹಳ್ಳಿ ಬಳಿ ಅದರ ಕರುಣಾಶ್ರಯ 1999ರಲ್ಲಿ ರೋಗಿಗಳಿಗೆ ಬಾಗಿಲು ತೆರೆಯಿತು.

ಈಚಿನ ವರ್ಷಗಳಲ್ಲಿ ಈ ಆರೈಕೆಯ ಹೆಸರಲ್ಲಿ ಪ್ಯಾಲಿಯೇಟಿವ್ ಕೇರ್ ಎಂಬ ಬೋರ್ಡು ಎಷ್ಟೋ ಕಡೆ ಕಾಣಿಸುತ್ತದೆ. ವೃದ್ಧಾಶ್ರಮಗಳು, ಸಣ್ಣ ನರ್ಸಿಂಗ್ ಹೋಮ್‌ಗಳು, ಮನೆಗೆ ಆಯಾ ಕಳಿಸುವ ಏಜೆನ್ಸಿಗಳು ಕೂಡ ಆ ಮಾತನ್ನು ಬಳಸುತ್ತವೆ. ಕೆಲವೆಡೆ ನಿಜವಾದ ಆರೈಕೆ ಇದೆ, ಕೆಲವೆಡೆ ಹಾಸಿಗೆ ಮತ್ತು ಊಟ ಮಾತ್ರ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಹಸಿರು ಹುಲ್ಲು, ಗ್ರಾನೈಟ್ ನೆಲ, ಮೂಲೆಯಲ್ಲೊಂದು ದೇವರ ಗುಡಿ, ಮೆಲುದನಿಯಲ್ಲಿ ಮಾತಾಡುವ ಮ್ಯಾನೇಜರ್, ಇವ್ಯಾವುವೂ ಗುಣಮಟ್ಟದ ಗುರುತಲ್ಲ. ನೋಡಲು ಹೋದ ಮನೆಯವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇಲ್ಲಿ ಬಾಯಲ್ಲಿ ನುಂಗುವ ಮಾರ್ಫಿನ್ ಸದಾ ಇರುತ್ತದೆಯೇ, ರಾತ್ರಿ ಅದನ್ನು ಕೊಡುವವರು ಯಾರು?

ಈ ಪ್ರಶ್ನೆ ಮೊದಲು ಬರುವುದಕ್ಕೆ ಕಾರಣವಿದೆ. ತೀವ್ರ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮುಖ್ಯ ಔಷಧಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಆದರೆ ಭಾರತದಲ್ಲಿ ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಅದನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕಿತೆಂದರೆ ಅನೇಕ ಆಸ್ಪತ್ರೆಗಳು ಅದನ್ನು ಇಡುವ ಗೋಜಿಗೇ ಹೋಗಲಿಲ್ಲ. 2014ರ ತಿದ್ದುಪಡಿ ಈ ಗಂಟನ್ನು ಸಡಿಲಿಸಿತು. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಈಗ ಮಾರ್ಫಿನ್ ಇಟ್ಟುಕೊಂಡು ರೋಗಿಗೆ ಕೊಡಬಹುದು. ಬೀದಿಯ ಮೆಡಿಕಲ್ ಶಾಪಿನಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಹಾಸ್ಪೈಸ್‌ನಲ್ಲಿ ಇಲ್ಲವೆಂದರೆ ರೋಗಿಗೆ ಅದು ಇಲ್ಲವೆಂದೇ ಅರ್ಥ. ಆದ್ದರಿಂದ ಮಾನ್ಯತಾ ಪತ್ರವನ್ನು ತೋರಿಸಿ ಎನ್ನುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಪತ್ರವೊಂದಿದ್ದರೆ ಸಾಲದು ಎಂಬುದಕ್ಕೆ ಬೆಂಗಳೂರಿನ ಒಂದು ಮನೆಯ ಅನುಭವ ಸಾಕ್ಷಿ. ಆ ಮನೆಯ ಮಗಳೇ ಈ ಲೇಖನವನ್ನು ಬರೆದಿರುವುದು. ತಂದೆಯ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ, ಜೊತೆಗೆ ಮಲಬದ್ಧತೆಗೆ ಔಷಧಿ, ಹೀಗೆ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರು ಬರೆದುಕೊಟ್ಟಿದ್ದರು. ಅದರಿಂದ ಅವರು ಎದ್ದು ಕೂತು ಪೇಪರ್ ಓದುವಷ್ಟು ಹಗುರಾಗಿದ್ದರು. ಮನೆಗೆ ಹತ್ತಿರ, ದಿನಾ ಹೋಗಿ ಬರಬಹುದು ಎಂಬ ಒಂದೇ ಕಾರಣಕ್ಕೆ ಚಿಕ್ಕಪ್ಪ ಒಂದು ಖಾಸಗಿ ಕೇಂದ್ರವನ್ನು ಗೊತ್ತುಮಾಡಿದರು. ಅಲ್ಲಿ ಮಾನ್ಯತಾ ಪತ್ರವಿತ್ತು, ಔಷಧಿಯ ದಾಸ್ತಾನೂ ಇತ್ತು.

ದೀಪಾವಳಿ ರಜೆಗೆ ಮುಂಚಿನ ಶನಿವಾರ ಸಂಜೆ ಆರರ ಮಾತ್ರೆ ಬರಲಿಲ್ಲ. ಕೇಳಿದರೆ "ಆಮೇಲೆ ಕೊಡ್ತೀವಿ ಮೇಡಂ" ಎಂಬ ಉತ್ತರ. ಮಧ್ಯಾಹ್ನ ಬಂದಿದ್ದ ಚಿಕ್ಕಪ್ಪ "ಅಷ್ಟೊಂದು ಕೊಟ್ರೆ ಅಭ್ಯಾಸ ಆಗ್ಬಿಡುತ್ತೆ, ಸ್ವಲ್ಪ ಕಮ್ಮಿ ಮಾಡಿ" ಎಂದು ನರ್ಸಿಗೆ ಹೇಳಿಹೋಗಿದ್ದರೆಂಬುದು ಹೊರಬಿದ್ದಾಗ ರಾತ್ರಿ ಎಂಟಾಗಿತ್ತು. ರೋಗಿಯನ್ನು ಯಾರೂ ಕೇಳಿರಲಿಲ್ಲ, ವೈದ್ಯರನ್ನೂ ಕೇಳಿರಲಿಲ್ಲ. ಇನ್ನಾದರೂ ಕೊಡಿ ಎಂದರೆ ಮಾರ್ಫಿನ್ ಇದ್ದ ಕಪಾಟಿಗೆ ಬೀಗ, ಬೀಗದ ಕೈ ವೈದ್ಯರ ಹತ್ತಿರ, ವೈದ್ಯರು ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಅವರ ಫೋನ್ ಸ್ವಿಚ್ ಆಫ್.

ಹತ್ತು ಗಂಟೆಯ ಹೊತ್ತಿಗೆ ತಂದೆ ಮಂಚದ ಕಂಬಿ ಹಿಡಿದುಕೊಂಡಿದ್ದರು. ಹಾಸಿಗೆ ಒದ್ದೆಯಾಗಿತ್ತು, ಬಟ್ಟೆ ಬದಲಿಸಲು ಮಗ್ಗುಲು ತಿರುಗಿಸಬೇಕು, ತಿರುಗಿಸಿದರೆ ಬೆನ್ನು ಮುರಿದಂತೆ ಕೂಗು. ಒದ್ದೆಯಲ್ಲೇ ಬಿಡಬೇಕಾಯಿತು. ನರ್ಸಿಂಗ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳೇ ಇಡೀ ವಾರ್ಡಿಗೆ. ಅವಳು ಪ್ಯಾರಾಸಿಟಮಾಲ್ ಡ್ರಿಪ್ ಹಾಕಿದಳು, ಆಮೇಲೆ ಟ್ರಮಡಾಲ್ ಇಂಜೆಕ್ಷನ್ ಕೊಟ್ಟಳು. ತಂದೆ ವಾಂತಿ ಮಾಡಿಕೊಂಡರು, ನೋವು ಇಳಿಯಲಿಲ್ಲ. ಹನ್ನೆರಡಕ್ಕೆ ಮ್ಯಾನೇಜರ್ ಫೋನಿಗೆ ಸಿಕ್ಕಿ, "ಬೆಳಗ್ಗೆ ನೋಡೋಣ ಮೇಡಂ, ಈ ಕಾಯಿಲೇಲಿ ನೋವು ಇದ್ದದ್ದೇ ಅಲ್ವಾ" ಎಂದರು. ಬೀಗದ ಬಗ್ಗೆ ಕೇಳಿದ್ದಕ್ಕೆ "ಕಾನೂನು ಹಾಗಿದೆ" ಎಂದರು. ಜನ್ಮದಲ್ಲಿ ಯಾರೊಬ್ಬರ ಮುಂದೆಯೂ ಕೈಚಾಚದ ಮನುಷ್ಯ ಆ ಚಿಕ್ಕ ಹುಡುಗಿಗೆ ಕೈಮುಗಿದು "ಏನಾದ್ರೂ ಕೊಡಮ್ಮ" ಎಂದರು. ಅವಳೂ ಅಳುತ್ತಿದ್ದಳು. ಮೂರು ಗಂಟೆಯ ಹೊತ್ತಿಗೆ ಮಾತು ನಿಂತು ಬರೀ ನರಳಾಟ ಉಳಿಯಿತು. ನಸುಕಿನಲ್ಲಿ ಆಂಬುಲೆನ್ಸ್ ಸಿಕ್ಕಿ ಬೇರೊಂದು ಆಸ್ಪತ್ರೆಗೆ ಸಾಗಿಸಿದಾಗ ಚರ್ಮದಡಿಗೆ ಮಾರ್ಫಿನ್ ಕೊಟ್ಟರು. ಅರ್ಧ ಗಂಟೆಯೊಳಗೆ ಅವರು ಕಂಬಿ ಬಿಟ್ಟು ಕೈ ಸಡಿಲಿಸಿದರು. ಇಡೀ ರಾತ್ರಿ ಆ ಔಷಧಿ ಅವರಿಂದ ಹತ್ತೇ ಹೆಜ್ಜೆ ದೂರದ ಕಪಾಟಿನಲ್ಲಿತ್ತು.

ಕಾನೂನು ಹಾಗಿರಲಿಲ್ಲ. ಮಾನ್ಯತೆ ಪಡೆದ ಸಂಸ್ಥೆ ಒಬ್ಬರಿಗಿಂತ ಹೆಚ್ಚು ವೈದ್ಯರಿಗೆ ಈ ಔಷಧಿಯ ಅಧಿಕಾರ ವಹಿಸಬಹುದು, ಅವರಲ್ಲಿ ಒಬ್ಬರಿಗೆ ಒಟ್ಟು ಹೊಣೆ ಇರಬೇಕು ಎಂದಷ್ಟೇ ನಿಯಮ ಹೇಳುತ್ತದೆ. ಎರಡನೆಯ ವೈದ್ಯರನ್ನು ಗೊತ್ತುಮಾಡದಿದ್ದದ್ದು ಆ ಕೇಂದ್ರದ ಸೋಮಾರಿತನ. ಅದಕ್ಕೆ ಕಾನೂನಿನ ಹೆಸರು ಹೇಳಿದ್ದನ್ನು ಕ್ಷಮಿಸಲಾಗದು. ಹಾಗಾಗಿ ಪ್ರಶ್ನೆಯನ್ನು ಹೀಗೇ ಕೇಳಬೇಕು: ಭಾನುವಾರ ರಾತ್ರಿ ಎರಡು ಗಂಟೆಗೆ ಕಪಾಟು ತೆರೆಯುವವರು ಯಾರು, ಅವರು ರಜೆ ಹಾಕಿದರೆ ಬೇರೆ ಯಾರು? ಹೆಸರು ಹೇಳದೆ "ಅದೆಲ್ಲ ನೋಡ್ಕೋತೀವಿ" ಎಂದರೆ ಅಲ್ಲಿಂದ ಎದ್ದು ಬರುವುದೇ ಸರಿ.

ನೋವನ್ನು ಅಳೆದು ಬರೆದಿಡುವ ಪದ್ಧತಿ ಎರಡನೆಯ ಪರೀಕ್ಷೆ. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದು ಪ್ರತಿ ಪಾಳಿಯಲ್ಲೂ ರೋಗಿಯನ್ನೇ ಕೇಳಿ ಕೇಸ್ ಶೀಟಿನಲ್ಲಿ ಬರೆಯಬೇಕು. ಎರಡು ಹೊತ್ತಿನ ಮಾತ್ರೆಗಳ ನಡುವೆ ನೋವು ನುಗ್ಗಿದರೆ ಕೊಡಬೇಕಾದ ಹೆಚ್ಚಿನ ಮಾತ್ರೆಯ ಪ್ರಮಾಣವೂ ಅದರಲ್ಲಿ ಮೊದಲೇ ಇರಬೇಕು. ನುಂಗಲು ಆಗದ ದಿನ ಬಂದಾಗ ಸಣ್ಣ ಸೂಜಿಯನ್ನು ಚರ್ಮದಡಿ ಇಟ್ಟು ಔಷಧಿ ಕೊಡಲು ಬರುತ್ತದೆಯೇ ಎಂದು ಕೇಳಬೇಕು. ಮೂಳೆಗೆ ಹರಡಿದ ಕ್ಯಾನ್ಸರ್ ನೋವಿಗೆ ಒಂದೇ ಸಲ ಕೊಡುವ 8 ಗ್ರೇ ವಿಕಿರಣ ಎಷ್ಟೋ ಜನಕ್ಕೆ ನೆಮ್ಮದಿ ತರುತ್ತದೆ. ಅದಕ್ಕಾಗಿ ರೇಡಿಯೊಥೆರಪಿ ಇರುವ ಆಸ್ಪತ್ರೆಯೊಂದಿಗೆ ಸಂಪರ್ಕ ಇಟ್ಟುಕೊಂಡ ಕೇಂದ್ರ ರೋಗಿಯ ಬಗ್ಗೆ ನಿಜವಾಗಿ ಯೋಚಿಸುವ ಕೇಂದ್ರ. ಮಾರ್ಫಿನ್ ಚಟ ಹತ್ತಿಸುತ್ತದೆ ಎಂದು ಅಲ್ಲಿನ ಸಿಬ್ಬಂದಿಯೇ ಹೇಳಿದರೆ ತರಬೇತಿ ಆಗಿಲ್ಲವೆಂದು ತಿಳಿಯಬೇಕು. ನೋವಿಗೆ ಲೆಕ್ಕಹಾಕಿ ಕೊಟ್ಟ ಮಾರ್ಫಿನ್‌ನಿಂದ ಚಟ ಹತ್ತುವುದು ಬಹಳ ಅಪರೂಪ.

ತರಬೇತಿಯ ಪ್ರಶ್ನೆ ವೈದ್ಯರಿಗೂ ಅನ್ವಯಿಸುತ್ತದೆ. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಪ್ಯಾಲಿಯೇಟಿವ್ ಮೆಡಿಸಿನ್ ಎಂ.ಡಿ. ಶುರುವಾದದ್ದೇ 2012ರಲ್ಲಿ. ಆದ್ದರಿಂದ ಪ್ರತಿ ಕೇಂದ್ರದಲ್ಲೂ ಆ ಪದವಿಯವರನ್ನು ನಿರೀಕ್ಷಿಸಲಾಗದು. ಆದರೆ ಕ್ಯಾನ್ಸರ್ ಸಂಸ್ಥೆಯಲ್ಲೋ, ತಿರುವನಂತಪುರದ ಪ್ಯಾಲಿಯಂ ಇಂಡಿಯಾದಂಥ ಕಡೆಯೋ ರೋಗಿಗಳ ಜೊತೆ ಕೆಲಸ ಮಾಡಿ ಕಲಿತಿರಬೇಕು. ನರ್ಸಿಗೂ ಅಂಥ ಕಲಿಕೆ ಬೇಕು. ಆ ರಾತ್ರಿಯ ಹುಡುಗಿಯ ಮೇಲೆ ಯಾವ ದೂರೂ ಇಲ್ಲ. ತರಬೇತಿಯಿಲ್ಲದವಳನ್ನು ಒಂಟಿಯಾಗಿ ವಾರ್ಡಿನಲ್ಲಿ ಬಿಟ್ಟವರ ಮೇಲೆ ಇದೆ.

ದಿನದ ಶುಶ್ರೂಷೆಯನ್ನು ಕಣ್ಣಿಂದಲೇ ನೋಡಬಹುದು. ಹೇಳಿಬಿಟ್ಟು ಹೋಗದೆ, ಮಧ್ಯಾಹ್ನದ ಊಟ ಮುಗಿದ ಹೊತ್ತಿನಲ್ಲಿ ಹೋಗಬೇಕು. ಎದ್ದೇಳಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆಯೇ, ಗಾಳಿ ತುಂಬಿದ ಹಾಸಿಗೆಯ ಪಂಪು ಚಾಲೂ ಇದೆಯೇ, ತುಟಿ ನಾಲಗೆ ಒಣಗಿ ಬಿರುಕುಬಿಟ್ಟಿವೆಯೇ, ಮೂತ್ರದ ಚೀಲ ತುಂಬಿ ನೇತಾಡುತ್ತಿದೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ವಾಸನೆಯೂ ಬಹಳಷ್ಟು ಹೇಳುತ್ತದೆ. ಬಾಯಿ, ಸ್ತನದ ಕ್ಯಾನ್ಸರ್ ಹುಣ್ಣುಗಳು ಕೊಳೆತು ನಾರುವುದು ಸಹಜ, ಆದರೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಹುಣ್ಣಿಗೆ ಹಾಕಿದರೆ ಆ ನಾತ ಬಹುಮಟ್ಟಿಗೆ ಇಳಿಯುತ್ತದೆ. ಅಷ್ಟು ಅಗ್ಗದ ಉಪಾಯವನ್ನೂ ಮಾಡದೆ ಫಿನಾಯಿಲ್ ಸುರಿದು ಊದುಬತ್ತಿ ಹಚ್ಚಿಟ್ಟ ಕಡೆ ರೋಗಿ ತನ್ನ ದೇಹಕ್ಕೆ ತಾನೇ ನಾಚಿಕೊಂಡು ಮಲಗಿರುತ್ತಾನೆ.

ಮನೆಗೇ ಬಂದು ನೋಡುವ ತಂಡಗಳಿಗೆ ಅಳತೆ ಸ್ವಲ್ಪ ಬೇರೆ. ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಎನ್ನುವುದಕ್ಕಿಂತ, ರಾತ್ರಿ ಫೋನ್ ಎತ್ತುವವರು ಕೇಸ್ ಬಲ್ಲ ನರ್ಸೇ ಅಥವಾ ಬರೀ ಆಪರೇಟರೇ ಎನ್ನುವುದು ಮುಖ್ಯ. ಸೇರುವ ಮುನ್ನವೇ ಒಂದು ರಾತ್ರಿ ಆ ನಂಬರಿಗೆ ಕರೆಮಾಡಿ ನೋಡಬಹುದು. ಒಳ್ಳೆಯ ತಂಡ ತುರ್ತು ಔಷಧಿಗಳ ಪೊಟ್ಟಣವೊಂದನ್ನು ಮನೆಯಲ್ಲೇ ಬಿಟ್ಟು, ಯಾವುದನ್ನು ಯಾವಾಗ ಕೊಡಬೇಕೆಂದು ಕನ್ನಡದಲ್ಲಿ ಬರೆದುಕೊಟ್ಟು, ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡುತ್ತದೆ. ಆ ಮನೆಯ ತಂದೆ ಕೊನೆಯ ವಾರಗಳನ್ನು ಇಂಥದೊಂದು ತಂಡದ ಆಸರೆಯಲ್ಲಿ ತಮ್ಮ ಕೋಣೆಯಲ್ಲೇ ಕಳೆದರು. ಮಾತ್ರೆಗಳ ಹೊತ್ತನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಅವರೇ ಗುರುತು ಹಾಕಿಸಿದ್ದರು.

ರೋಗಿಯ ಮಾತಿಗೆ ಅಲ್ಲಿ ಎಷ್ಟು ಬೆಲೆ ಎಂಬುದು ಇನ್ನೊಂದು ಅಳತೆಗೋಲು. ಕಾಯಿಲೆ ಏನೆಂದು ರೋಗಿಗೆ ಹೇಳಬೇಡಿ ಎಂದು ಮನೆಯವರು ಕೇಳಿಕೊಳ್ಳುವುದು ನಮ್ಮಲ್ಲಿ ತೀರ ಸಾಮಾನ್ಯ. ಒಳ್ಳೆಯ ಕೇಂದ್ರ ಇದಕ್ಕೆ ಸುಮ್ಮನೆ ಹೂಂ ಎನ್ನುವುದಿಲ್ಲ, ಹಟಕ್ಕೂ ಬೀಳುವುದಿಲ್ಲ. ಅಲ್ಲಿನ ಆಪ್ತಸಮಾಲೋಚಕರು ಮೊದಲು ಮನೆಯವರ ಭಯ ಕೇಳಿ, ಆಮೇಲೆ ರೋಗಿಗೆ ಎಷ್ಟು ತಿಳಿದಿದೆ, ಇನ್ನೆಷ್ಟು ತಿಳಿಯಬೇಕೆನಿಸುತ್ತದೆ ಎಂದು ರೋಗಿಯನ್ನೇ ವಿಚಾರಿಸುತ್ತಾರೆ. ಹಾಗೆಯೇ ಮನೆಯ ಹಿರಿಯರೊಬ್ಬರು ಬಂದು ಔಷಧಿ ಕಮ್ಮಿ ಮಾಡಿ ಎಂದರೆ ಅದು ನಡೆಯಬಾರದು. ಚಿಕ್ಕಪ್ಪನಿಗೆ ಅಣ್ಣನ ಮೇಲೆ ಪ್ರೀತಿಯಿತ್ತು. ಮಾರ್ಫಿನ್ ಕೊಟ್ಟರೆ ಕಥೆ ಮುಗಿಯಿತು ಎಂಬ ಭಯ ಆ ಪ್ರೀತಿಗಿಂತ ದೊಡ್ಡದಾಗಿತ್ತು, ಅದಕ್ಕೆ ಬೆಲೆ ತೆತ್ತವರು ಅಣ್ಣ. ಚಿಕ್ಕಪ್ಪನ ಮಾತನ್ನು ತಡೆಯಬೇಕಾದದ್ದು ಕೇಂದ್ರದ ಕರ್ತವ್ಯವಾಗಿತ್ತು.

ಹಣದ ವಿಷಯ ಬೇಗ ಮುಗಿಯುತ್ತದೆ. ದುಬಾರಿಯಾದ ಮಾತ್ರಕ್ಕೆ ಒಳ್ಳೆಯದೆನ್ನಲಾಗದು. ಕರುಣಾಶ್ರಯದಂಥ ಸಂಸ್ಥೆಗಳು ಕ್ಯಾನ್ಸರ್ ರೋಗಿಗಳಿಂದ ಏನನ್ನೂ ಪಡೆಯದೆ ನೋಡಿಕೊಳ್ಳುತ್ತವೆ. ಹಣ ಪಡೆಯುವ ಕಡೆ ದಿನದ ದರದಲ್ಲಿ ಔಷಧಿ, ಡ್ರೆಸ್ಸಿಂಗ್, ಡಯಾಪರ್ ಸೇರಿವೆಯೇ ಎಂದು ಬರಹದಲ್ಲಿ ಪಡೆದುಕೊಳ್ಳಬೇಕು.

ಕೊನೆಯ ದಿನಗಳ ಬಗ್ಗೆ ಕೇಂದ್ರದ ನಿಲುವನ್ನು ಮುಂಚೆಯೇ ತಿಳಿಯುವುದು ಒಳ್ಳೆಯದು. ಊಟ ನಿಂತಾಗ ಒತ್ತಾಯದಿಂದ ಮೂಗಿನ ನಳಿಕೆ ಹಾಕುತ್ತಾರೆಯೇ, ಉಸಿರು ಗೊರಗೊರ ಎನ್ನತೊಡಗಿದಾಗ ಅದಕ್ಕೆ ಇಂಜೆಕ್ಷನ್ ಇಟ್ಟಿದ್ದಾರೆಯೇ, ಅಥವಾ ಗಾಬರಿಯಲ್ಲಿ ಐಸಿಯುಗೆ ಸಾಗಿಸುತ್ತಾರೆಯೇ? 2018ರ ಕಾಮನ್ ಕಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನೂ, ಬದುಕಿದ್ದಾಗಲೇ ಬರೆದಿಡುವ ವೈದ್ಯಕೀಯ ಉಯಿಲನ್ನೂ ಒಪ್ಪಿತು. ಉಯಿಲನ್ನು ಮ್ಯಾಜಿಸ್ಟ್ರೇಟರ ಮುಂದೆ ಮಾಡಬೇಕೆಂಬ ಷರತ್ತನ್ನು 2023ರಲ್ಲಿ ಸಡಿಲಿಸಿದ ಮೇಲೆ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿತು. ಇಂಥ ಉಯಿಲನ್ನು ಕೇಸ್ ಫೈಲಿನಲ್ಲಿ ಸೇರಿಸಿಕೊಳ್ಳಲು ಹಿಂದೇಟು ಹಾಕುವ ಕಡೆ ಅದರಂತೆ ನಡೆಯುತ್ತಾರೆಂದು ನಂಬಲಾಗದು.

ಮನೆಯಲ್ಲೇ ಸಾವು ಸಂಭವಿಸಿದರೆ ಸಾವಿನ ಕಾರಣ ತಿಳಿಸುವ ನಮೂನೆ 4ಎಯನ್ನು ಕಾಯಿಲೆಯಲ್ಲಿ ನೋಡಿಕೊಂಡ ವೈದ್ಯರು ಬರೆದುಕೊಡಬೇಕು. ಅದಿಲ್ಲದೆ ಚಿತಾಗಾರದ ಬಾಗಿಲಲ್ಲಿ ಮನೆಯವರು ಪಡುವ ಪಾಡು ಬೇಡ. ಹೊತ್ತಲ್ಲದ ಹೊತ್ತಿನಲ್ಲೂ ತಂಡದ ವೈದ್ಯರು ಬಂದು ಸಹಿ ಹಾಕುತ್ತಾರೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಿಕೊಳ್ಳಬೇಕು. 21 ದಿನಗಳೊಳಗೆ ಮರಣ ನೋಂದಣಿ ಮಾಡಿಸಲೂ ಆ ಕಾಗದ ಬೇಕು. ಮನೆಯಲ್ಲಿ ಉಳಿದ ಮಾರ್ಫಿನ್ ಮಾತ್ರೆಗಳನ್ನು ತಂಡದ ನರ್ಸ್ ಎಣಿಸಿ ರಿಜಿಸ್ಟರಿನಲ್ಲಿ ಬರೆದು ವಾಪಸು ಒಯ್ಯುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಇನ್ನೊಮ್ಮೆ ಬಂದು, ಆರೈಕೆ ಮಾಡಿ ದಣಿದವರಿಗೆ ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ ಎಂದು ವಿಚಾರಿಸಿಹೋಗುವುದೂ ಹಾಸ್ಪೈಸ್‌ನ ಕೆಲಸದ ಭಾಗವೇ.