ಲವೋ ಸೀಮೆಯ ದ್ರಾಕ್ಷೇತೋಟಗಳು

ಸ್ವಿಟ್ಜರ್ಲೆಂಡ್ ದೇಶದಲ್ಲಿ ಜಿನೀವಾ ಸರೋವರದ ಬಡಗಣ ದಡದಲ್ಲಿರುವ ಲವೋ ಸೀಮೆಯ ವಿಷಯವನ್ನು ನಾವು ವಿಚಾರಿಸೋಣ. ಅಲ್ಲಿಯ ಕಡಿದಾದ ಇಳಿಜಾರಿನಲ್ಲಿ 12ನೆಯ ಶತಮಾನದ ಸನ್ಯಾಸಿಗಳು ಕಲ್ಲುಗೋಡೆಗಳನ್ನೆತ್ತಿ ದ್ರಾಕ್ಷೇಬಳ್ಳಿಗಳನ್ನು ಬೆಳಿಸಿದರು. ಇಂದು ಅನೇಕ ಕುಟುಂಬಗಳು ಆ ತೋಟಗಳನ್ನು ತಲೆತಲಾಂತರದಿಂದ ನಡಿಸಿ, ಶಾಸ್ಲಾ ಎಂಬ ಹಣ್ಣಿನಿಂದ ಬಿಳೀ ದ್ರಾಕ್ಷಾರಸವನ್ನು ಮಾಡುತ್ತವೆ. ಅದನ್ನು ಪರೀಕ್ಷಿಸುವವನು ಮೊದಲು ಬಣ್ಣವನ್ನು ನೋಡಿ, ಬಳಿಕ ಪರಿಮಳವನ್ನು ಮೂಸಿ, ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ ಉಗುಳಿಬಿಡುವನು. ಯಾಕಂದರೆ ಅಮಲೇರಿದವನಿಗೆ ರುಚಿಯ ಭೇದವು ತಿಳಿಯದು.

ಮನೆಕಟ್ಟುವವರು ಈ ನೆಲವನ್ನು ಅಪೇಕ್ಷಿಸಲು, 1977ರಲ್ಲಿ ಆ ಪ್ರಾಂತ್ಯದ ಜನರು ಮತಕೊಟ್ಟು ಅದನ್ನು ಕಾಪಾಡಿದರು. 2007ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಪಿತೃಗಳ ಸ್ವಾಸ್ತ್ಯವನ್ನು ಅರಸನಿಗೂ ಮಾರದ ನಾಬೋತನನ್ನು ನಾವು ಇಲ್ಲಿ ನೆನಸತಕ್ಕದ್ದು. ಆದರೂ ಮತವು ಕುಸಿದ ಗೋಡೆಯನ್ನು ಕಟ್ಟಲಾರದು. ಅದಕ್ಕೆ ಪ್ರತಿ ತಲೆಮಾರಿನ ಕೈಕೆಲಸವು ಬೇಕು.