ಕಾಫಿಯ ಕೆಫೀನ್ ಅಳೆಯುವ ಮುನ್ನ ಕ್ಯಾಲಿಬ್ರೇಶನ್ ಲೆಕ್ಕ

ರಸಾಯನಶಾಸ್ತ್ರದ ಪ್ರಾಜೆಕ್ಟ್ ವರದಿಗಳಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ಎಚ್‌ಪಿಎಲ್‌ಸಿ ಯಂತ್ರ ಬಿಡುವಾಗಿ ಸಿಕ್ಕ ಕೂಡಲೇ ಕೈಗೆ ಬಂದ, ಸಾಂದ್ರತೆ ಗೊತ್ತಿರುವ ಐದು ಸ್ಟ್ಯಾಂಡರ್ಡ್‌ಗಳನ್ನು ಓಡಿಸಿ ಕ್ಯಾಲಿಬ್ರೇಶನ್ ಗೆರೆ ಎಳೆಯುತ್ತಾರೆ. ಸ್ಯಾಂಪಲ್ ಆ ಗೆರೆಯ ಎಲ್ಲಿ ಬೀಳುತ್ತದೆ ಎಂಬ ಯೋಚನೆ ಆಮೇಲೆ. ಇದು ತಲೆಕೆಳಗಾದ ಕ್ರಮ.

1. ಮೊದಲು ಸ್ಯಾಂಪಲ್. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ 1.2, ರೊಬಸ್ಟಾದಲ್ಲಿ ಶೇ 2.2ರ ಆಸುಪಾಸು. 1 ಗ್ರಾಂ ಪುಡಿಯನ್ನು ಬಿಸಿನೀರಿನಲ್ಲಿ ಕುದಿಸಿ, ಸೋಸಿ, 100 ಮಿ.ಲೀ.ಗೆ ತಂದು, ಮತ್ತೆ ಐದು ಪಟ್ಟು ತೆಳುಗೊಳಿಸಿದರೆ ಲೀಟರಿಗೆ 24ರಿಂದ 44 ಮಿ.ಗ್ರಾಂ. ಚಿಕೋರಿಯಲ್ಲಿ ಕೆಫೀನ್ ಇಲ್ಲ; ಅರ್ಧ ಚಿಕೋರಿ ಬೆರೆತ ಅರೇಬಿಕಾ 12ಕ್ಕೆ ಇಳಿಯುತ್ತದೆ. ಆದ್ದರಿಂದ ಸ್ಟ್ಯಾಂಡರ್ಡ್ ಲೀಟರಿಗೆ 5, 10, 20, 30, 45, 60 ಮಿ.ಗ್ರಾಂ ಇದ್ದರೆ ಸಾಕು.

2. ಸ್ಟಾಕ್ ದ್ರಾವಣ. 100 ಮಿ.ಗ್ರಾಂ ಜಲರಹಿತ ಕೆಫೀನ್ ತೂಗಿ 100 ಮಿ.ಲೀ. ಮಾಡಿ. ಪ್ರತಿ ಸ್ಟ್ಯಾಂಡರ್ಡನ್ನೂ ಸ್ಟಾಕ್‌ನಿಂದಲೇ ತಯಾರಿಸಿ. ಒಂದರಿಂದ ಇನ್ನೊಂದನ್ನು ತೆಳುಗೊಳಿಸುತ್ತಾ ಹೋದರೆ ಮೊದಲ ಪಿಪೆಟ್‌ನ ತಪ್ಪು ಕೊನೆಯವರೆಗೂ ಹರಿಯುತ್ತದೆ. ತಪಾಸಣೆಗೆ ಬೇರೆಯಾಗಿ ತೂಗಿದ ಎರಡನೇ ಸ್ಟಾಕ್ ಇರಲಿ.

3. ಆರ್-ಸ್ಕ್ವೇರ್ ನಂಬಬೇಡಿ. ಗೆರೆ ಬಿಂದುಗಳಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಈ ಸಂಖ್ಯೆಯಲ್ಲೇ ಹೆಚ್ಚಿನವರು ಎಡವುವುದು. ಬೇರೊಂದು ಉದಾಹರಣೆ: ಸಾಂದ್ರತೆ 1, 5, 10, 50, 100. ಪೀಕ್ ವಿಸ್ತೀರ್ಣ 10, 50, 100, 500, 960 ಎಂದುಕೊಳ್ಳಿ. ಡಿಟೆಕ್ಟರ್ ಮೇಲ್ತುದಿಯಲ್ಲಿ ಮಾತ್ರ ಶೇ 4ರಷ್ಟು ಸೋತಿದೆ. ಈ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿದರೆ ಆರ್-ಸ್ಕ್ವೇರ್ 0.9996 ಬರುತ್ತದೆ. ವರದಿ ಬರೆಯುವವರಿಗೆ ಖುಷಿಯೋ ಖುಷಿ. ಅದೇ ಗೆರೆಯಿಂದ ಮೊದಲ ಸ್ಟ್ಯಾಂಡರ್ಡನ್ನು ಮರಳಿ ಲೆಕ್ಕ ಹಾಕಿ: 1ರ ಬದಲು 0.57! ಶೇ 40ಕ್ಕೂ ಹೆಚ್ಚು ತಪ್ಪು.

100ರ ಬಿಂದು ಗೆರೆಯನ್ನು ತನ್ನತ್ತ ಎಳೆದುಕೊಂಡಿದೆ, ಕೆಳಗಿನ ಪುಟ್ಟ ಸಂಖ್ಯೆಗಳ ತಪ್ಪು ಆರ್-ಸ್ಕ್ವೇರ್‌ಗೆ ಕಾಣುವುದೇ ಇಲ್ಲ. ಆದ್ದರಿಂದ ಪ್ರತಿ ಬಿಂದುವನ್ನೂ ಮರಳಿ ಲೆಕ್ಕ ಹಾಕಿ, ಶೇಕಡಾವಾರು ವ್ಯತ್ಯಾಸದ ಪಟ್ಟಿಯನ್ನು ವರದಿಯಲ್ಲೇ ಕೊಡಬೇಕು. ವ್ಯತ್ಯಾಸ ಶೇ 5 ದಾಟಿದರೆ ವ್ಯಾಪ್ತಿ ಕಿರಿದಾಗಿಸಿ. ಕೆಳತುದಿ ಬೇಕೇ ಬೇಕೆಂದರೆ ಸಣ್ಣ ಸಾಂದ್ರತೆಗಳಿಗೆ ಹೆಚ್ಚು ತೂಕ ಕೊಡುವ ರಿಗ್ರೆಶನ್ ಬಳಸಿ. ಗೆರೆಯನ್ನು ಬಲವಂತವಾಗಿ ಸೊನ್ನೆಯ ಮೂಲಕ ಹಾಯಿಸುವುದು ಪರಿಹಾರವಲ್ಲ.

4. ಓಡಿಸುವ ಕ್ರಮ. ಮೊದಲು ಬ್ಲ್ಯಾಂಕ್, ಅಂದರೆ ಕೆಫೀನ್ ಇಲ್ಲದ ದ್ರಾವಣ. ಸ್ಟ್ಯಾಂಡರ್ಡ್‌ಗಳನ್ನು ಏರಿಕೆಯ ಸಾಲಿನಲ್ಲಿ ಬೇಡ, ಹಿಂದುಮುಂದಾದ ಕ್ರಮದಲ್ಲಿ ಓಡಿಸಿ; ಯಂತ್ರ ನಿಧಾನವಾಗಿ ಜಾರುತ್ತಿದ್ದರೆ ಆಗ ಗೊತ್ತಾಗುತ್ತದೆ. ಹತ್ತು ಸ್ಯಾಂಪಲ್‌ಗೊಮ್ಮೆ ಎರಡನೇ ಸ್ಟಾಕ್‌ನ ದ್ರಾವಣ ಹಾಕಿ.

5. ಕಾಫಿಯ ಇತರ ವಸ್ತುಗಳು. ಇವು ಅಳತೆಗೆ ಅಡ್ಡಬರುತ್ತಿವೆಯೇ ಎಂದು ತಿಳಿಯಲು ಒಂದು ಸ್ಯಾಂಪಲ್‌ಗೆ ಗೊತ್ತಿರುವಷ್ಟು ಕೆಫೀನ್ ಸೇರಿಸಿ, ಅಷ್ಟೂ ಮರಳಿ ಸಿಗುತ್ತದೆಯೇ ನೋಡಿ. ಕೆಫೀನ್ ತೆಗೆದ ಕಾಫಿಯ ಸಾಂದ್ರತೆ ಗೆರೆಯ ಕೆಳತುದಿಗಿಂತ ಕೆಳಗೆ ಬೀಳುವುದರಿಂದ ಅದಕ್ಕೆ ಈ ಗೆರೆ ಬೇಡ, ಪ್ರತ್ಯೇಕ ಗೆರೆ ಬೇಕು.