ದಡದಲ್ಲಿ ಉಳಿದವರ ಪಾಲು

  

ಎರಡು ವಾರದ ಹಿಂದೆ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ರ ಬಂದ. ಹೆಸರು ಹೇಳಲ್ಲ. ಅವನನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ. "ಪಾಸ್ಟರ್, ನಾನು ಸೌಂಡ್ ಟೀಮ್ ಬಿಡ್ತೀನಿ. ಮೂರು ವರ್ಷದಿಂದ ವೈರ್ ಸುತ್ತಿದ್ದೇ ಆಯ್ತು. ಇದನ್ನ ಸೇವೆ ಅಂತ ಹೇಳ್ಕೊಳ್ಳೋಕೆ ನನಗೇ ನಾಚಿಕೆ" ಅಂದ. ನಾನು "ಪ್ರಾರ್ಥನೆ ಮಾಡೋಣ ಬ್ರದರ್" ಅಂತ ಹೇಳಿ ಕಳಿಸಿಬಿಟ್ಟೆ. ಉತ್ತರ ಇಲ್ಲದಾಗ ಪಾಸ್ಟರ್‌ಗಳು ಹೇಳೋ ಮಾತು ಅದು, ನಿಮಗೂ ಗೊತ್ತು.

ಅದೇ ರಾತ್ರಿ ನನ್ನ ತಂಗಿ ವಿಡಿಯೋ ಕಾಲ್ ಮಾಡಿದಳು. ಅವಳು ಇಂಗ್ಲೆಂಡಿನಲ್ಲಿ, ಕಡಲ ತೀರದ ಒಂದು ಚಿಕ್ಕ ಊರಲ್ಲಿ ನರ್ಸ್. ಚಿಕ್ಕವಳಿದ್ದಾಗ ಕೆರೆ ಕಂಡ್ರೂ ಹೆದರಿ ನನ್ನ ಶರ್ಟ್ ಹಿಡ್ಕೊಳ್ಳೋಳು. ಈಗ ಅವಳು ಲೈಫ್‌ಬೋಟ್ ಸ್ಟೇಷನ್‌ನಲ್ಲಿ ವಾಲಂಟಿಯರ್! "ನೀನು ದೋಣಿ ಹತ್ತಿದ್ಯಾ?" ಅಂತ ಕೇಳಿದೆ. "ಇಲ್ಲ ಅಣ್ಣಾ, ನಾನು ದಡದವಳು" ಅಂದಳು.

ಬ್ರಿಟನ್ ಮತ್ತು ಐರ್ಲೆಂಡ್ ಸುತ್ತ ಸಮುದ್ರದಲ್ಲಿ ಸಿಕ್ಕಿಕೊಂಡವರನ್ನ ಕಾಪಾಡೋಕೆ ಆರ್‌ಎನ್‌ಎಲ್‌ಐ ಅಂತ ಒಂದು ಸಂಸ್ಥೆ ಇದೆ. 1824ರಲ್ಲಿ ಶುರುವಾದದ್ದು. ಸರ್ಕಾರದ ಇಲಾಖೆ ಅಲ್ಲ, ಜನರ ಕಾಣಿಕೆಯಿಂದ ನಡೆಯುವಂಥದ್ದು. 200ಕ್ಕೂ ಹೆಚ್ಚು ಸ್ಟೇಷನ್‌ಗಳಿವೆ, ಕೆಲಸ ಮಾಡುವವರಲ್ಲಿ ಹೆಚ್ಚಿನವರು ಸಂಬಳ ಇಲ್ಲದ ವಾಲಂಟಿಯರ್‌ಗಳು. ಫೋಟೋದಲ್ಲಿ ನಮಗೆ ಕಾಣೋದು ಹಳದಿ ಬಟ್ಟೆ ಹಾಕ್ಕೊಂಡು ಅಲೆ ಸೀಳ್ಕೊಂಡು ಹೋಗೋರು ಮಾತ್ರ.

ಆದ್ರೆ ಆ ದೋಣಿ ನೀರಿಗೆ ಇಳಿಯೋದು ಹೇಗೆ? ಯಾರಾದ್ರೂ ಅಪಾಯದಲ್ಲಿದ್ದಾರೆ ಅಂತ ಮೊದಲು ಕೋಸ್ಟ್‌ಗಾರ್ಡ್‌ಗೆ ಕರೆ ಬರುತ್ತೆ. ಅವರು ಸ್ಟೇಷನ್‌ನ ಜವಾಬ್ದಾರಿ ಹೊತ್ತವರನ್ನ ಕೇಳ್ತಾರೆ. ದೋಣಿ ಇಳಿಸಲು ಒಪ್ಪಿಗೆ ಕೊಡುವ ಆ ವ್ಯಕ್ತಿಯೂ ವಾಲಂಟಿಯರ್, ಅವರು ನಿಂತಿರೋದೂ ದಡದಲ್ಲೇ. ಆಮೇಲೆ ಪೇಜರ್ ಕೂಗುತ್ತೆ. ರಾತ್ರಿ ಎರಡು ಗಂಟೆಯಾದ್ರೂ ಎದ್ದು ಓಡಬೇಕು. ಕೆಲವು ಕಡೆ ದೋಣಿ ಬಂದರಿನಲ್ಲೇ ತೇಲ್ತಾ ಇರುತ್ತೆ. ತಂಗಿಯ ಊರಲ್ಲಿ ಹಾಗಲ್ಲ, ಟ್ರ್ಯಾಕ್ಟರ್‌ನಿಂದ ಮರಳಿನ ಮೇಲೆ ತಳ್ಳಿಕೊಂಡು ಹೋಗಿ ನೀರಿಗೆ ಬಿಡಬೇಕು. ಟ್ರ್ಯಾಕ್ಟರ್ ಓಡಿಸುವವನು ಮರಳು ಎಲ್ಲಿ ಮೆತ್ತಗಿದೆ, ನೀರು ಎಷ್ಟು ಏರಿದೆ ನೋಡದೆ ಹೋದ್ರೆ, ದೋಣಿಯಲ್ಲಿರೋರು ಎಷ್ಟು ಧೈರ್ಯಶಾಲಿಗಳಾಗಿದ್ರೂ ಅಲ್ಲೇ ಕೂತಿರಬೇಕಾಗುತ್ತೆ.

ದೋಣಿ ಹೋಯ್ತು. ದಡದವರು ಮನೆಗೆ ಹೋಗಿ ಮಲಗ್ತಾರಾ? ಇಲ್ಲ. ಒಬ್ಬರು ರೇಡಿಯೋ ಹತ್ರ ಕೂರ್ತಾರೆ. ಉಳಿದವರು ಚಳಿಯಲ್ಲಿ ಕಾಯ್ತಾರೆ. ದೋಣಿ ಬಂದ ಮೇಲೆ ಮತ್ತೆ ಎಳೆದು ತರಬೇಕು, ಉಪ್ಪು ಹೋಗೋ ಹಾಗೆ ಸಿಹಿನೀರಲ್ಲಿ ತೊಳೀಬೇಕು, ಡೀಸೆಲ್ ತುಂಬಿಸಬೇಕು. ಯಾಕಂದ್ರೆ ಇನ್ನೊಂದು ಕರೆ ಹತ್ತೇ ನಿಮಿಷಕ್ಕೆ ಬರಬಹುದು. "ತೊಳೆಯೋದು ಕಷ್ಟ ಅಲ್ಲ ಅಣ್ಣಾ, ಕಾಯೋದು ಕಷ್ಟ. ಕತ್ತಲಲ್ಲಿ ಏನೂ ಕಾಣಲ್ಲ. ಒಳಗೆ ಹೋದೋರು ನಮ್ಮ ಊರಿನವರೇ" ಅಂದಳು ತಂಗಿ.

ಆಮೇಲೆ ನಾನು ಹುಡುಕಿ ಓದಿದ ಒಂದು ಘಟನೆ. 1899ರ ಜನವರಿ 12, ಡೆವನ್ ಪ್ರಾಂತ್ಯದ ಲಿನ್‌ಮತ್ ಊರು. ಫಾರೆಸ್ಟ್ ಹಾಲ್ ಅನ್ನೋ ಹಡಗು ಬಿರುಗಾಳಿಗೆ ಸಿಕ್ಕಿದೆ ಅಂತ ಸುದ್ದಿ ಬಂತು. ಅಲೆ ಎಷ್ಟಿತ್ತಂದ್ರೆ ಲೂಯಿಸಾ ಅನ್ನೋ ಅವರ ಲೈಫ್‌ಬೋಟನ್ನ ಅಲ್ಲಿಂದ ಇಳಿಸೋಕೇ ಆಗಲಿಲ್ಲ. ಆಗ ಅವರು ದೋಣಿಯನ್ನ ಬಂಡಿಯ ಮೇಲೇ ಇಟ್ಟು, ಬೆಟ್ಟ ಹತ್ತಿಸಿ, ಸುಮಾರು 13 ಮೈಲಿ ಆಚೆ ಪೋರ್ಲಾಕ್ ವಿಯರ್ ತನಕ ಎಳ್ಕೊಂಡು ಹೋದರು! ಸುಮಾರು 100 ಜನ, ಜೊತೆಗೆ ಕುದುರೆಗಳು. ಕೌಂಟಿಸ್‌ಬರಿ ಬೆಟ್ಟ ಅಂದ್ರೆ ಬರಿಗೈಯಲ್ಲಿ ಹತ್ತಿದ್ರೂ ಏದುಸಿರು ಬರೋ ಏರು. ಬಂಡಿಯ ಚಕ್ರ ಕಳಚಿತು, ಹಾಕಿದರು. ದಾರಿ ಸಾಲದ ಕಡೆ ಗುದ್ದಲಿ ಹಿಡಿದವರು ಮುಂದೆ ಹೋಗಿ ಅಗಲ ಮಾಡಿದರು, ಗೋಡೆ ಕೆಡವಿದರು. ಬೆಳಗಿನ ಜಾವ ದೋಣಿ ನೀರಿಗಿಳಿಯಿತು. ಹಡಗಿನಲ್ಲಿದ್ದ ಒಬ್ಬರೂ ಸಾಯಲಿಲ್ಲ. ಆ 100 ಜನರಲ್ಲಿ ಬಹಳಷ್ಟು ಮಂದಿ ಬೆಟ್ಟದ ಮೇಲಿಂದಲೇ ಮನೆಗೆ ವಾಪಸ್ ಹೋದವರು. ಹಡಗನ್ನ ಕಣ್ಣಿಂದ ನೋಡೇ ಇಲ್ಲ.

ಈಗ 1 ಸಮುವೇಲ 30 ತೆರೆಯಿರಿ. ಚಿಕ್ಲಗ್ ಸುಟ್ಟುಹೋಗಿದೆ, ಹೆಂಡತಿ ಮಕ್ಕಳು ಸೆರೆಯಾಗಿದ್ದಾರೆ. ದಾವೀದನು 600 ಜನರೊಂದಿಗೆ ಅಮಾಲೇಕ್ಯರನ್ನು ಹಿಂದಟ್ಟುತ್ತಾನೆ. ಬೆಸೋರ್ ಹಳ್ಳದ ಹತ್ತಿರ 200 ಜನ ದಣಿದು ನಿಂತುಬಿಡುತ್ತಾರೆ, ಸಾಮಾನು ಕಾಯುತ್ತಾರೆ. ಗೆದ್ದು ಬಂದವರಲ್ಲಿ ಕೆಲವರು ಇವರಿಗೆ ಕೊಳ್ಳೆಯಲ್ಲಿ ಏನೂ ಕೊಡಬೇಡಿ ಅಂತಾರೆ. ದಾವೀದನು ಒಪ್ಪಲಿಲ್ಲ. ಯುದ್ಧಕ್ಕೆ ಹೋದವನಿಗೂ ಸಾಮಾನು ಕಾಯ್ದವನಿಗೂ ಸಮಪಾಲು ಅಂದ. ಅಷ್ಟೇ ಅಲ್ಲ, ಇಸ್ರಾಯೇಲಿನಲ್ಲಿ ಅದನ್ನ ಕಟ್ಟಳೆಯಾಗಿ ಮಾಡಿದ. ಗಮನಿಸಿ, ಅದು ದಣಿದವರ ಮೇಲಿನ ಕನಿಕರದ ಮಾತು ಮಾತ್ರ ಆಗಿದ್ರೆ ಆ ದಿನಕ್ಕೇ ಮುಗೀತಿತ್ತು.

ಇದನ್ನ ಓದಿದಾಗ ಪರಿಶುದ್ಧಾತ್ಮನು ಮೊದಲು ನನ್ನನ್ನೇ ಮುಟ್ಟಿದನು. ಪ್ರತಿ ಭಾನುವಾರ ನಾನು ಇಲ್ಲಿಂದ ಥ್ಯಾಂಕ್ಸ್ ಹೇಳೋದು ಯಾರಿಗೆ? ವರ್ಷಿಪ್ ಲೀಡರ್‌ಗೆ, ಬಂದ ಬೋಧಕರಿಗೆ. ಮೂರು ವರ್ಷದಲ್ಲಿ ಆ ತಮ್ಮನ ಹೆಸರು ಈ ಮೈಕ್‌ನಲ್ಲಿ ಒಮ್ಮೆಯೂ ಬಂದಿಲ್ಲ. ಆ ಮೈಕ್ ಆನ್ ಮಾಡಿದ್ದು ಅವನೇ. ಅವನಿಗೆ ನಾಚಿಕೆ ಕಲಿಸಿದ್ದು ಸೈತಾನ ಅಂತ ಹೇಳಿ ನಾನು ಜಾರಿಕೊಳ್ಳಬಹುದು. ಆದ್ರೆ ಕಲಿಸಿದ್ದು ನಾನು.

ತಮ್ಮಾ, ಬಿಡೋದು ಇರೋದು ನಿನ್ನ ತೀರ್ಮಾನ, ನಾನು ಒತ್ತಾಯ ಮಾಡಲ್ಲ. ಇವತ್ತು ಮೀಟಿಂಗ್ ಮುಗಿದ ಮೇಲೆ ನಾನೂ ವೈರ್ ಸುತ್ತೋಕೆ ಬರ್ತೀನಿ. ಹೇಗೆ ಸುತ್ತೋದು ಅಂತ ಸರಿಯಾಗಿ ತೋರಿಸಿಕೊಡು. ಹೋದ ಕ್ರಿಸ್ಮಸ್‌ಗೆ ನಾನು ಸುತ್ತಿಟ್ಟಿದ್ದನ್ನ ಬಿಡಿಸೋಕೆ ನಿನಗೆ ಅರ್ಧ ಗಂಟೆ ಹಿಡಿದಿತ್ತಂತೆ.

ಎಲ್ಲರೂ ಎದ್ದು ನಿಲ್ಲಿ. ಪ್ರಾರ್ಥಿಸೋಣ.